ರಾಜನ ಬೆರಳು

ಜನವರಿ ೧೮

ಅಳಿಲೇ,

ಹೋದ ವಾರ ಫೋನಿನಲ್ಲಿ ನಾವಿಬ್ಬರೂ ಅಪ್ಪನ ಮಾತ್ರೆಯಿಂದ ಶುರು ಮಾಡಿ ಅಂಗಡಿಯ ಬೀಗದವರೆಗೆ ಜಗಳವಾಡಿದೆವಲ್ಲ, ಆಮೇಲೆ ನಾನೊಂದು ತೀರ್ಮಾನ ಮಾಡಿದೆ. ಇನ್ನು ಮುಖ್ಯವಾದದ್ದನ್ನೆಲ್ಲ ಕಾಗದದಲ್ಲೇ ಬರೆಯುತ್ತೇನೆ. ಕಾಗದದ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ.

ಈ ಸಲ ವಸ್ತುಸಂಗ್ರಹಾಲಯದವರು ನನಗೆ ಕೊಟ್ಟಿರುವುದು ದೊಡ್ಡ ಸಭಾಂಗಣದ ಗೋಡೆ ಚಿತ್ರ. ಮೂವತ್ತೈದು ವರ್ಷಗಳ ಹಿಂದೆ ಅಪ್ಪ ದುರಸ್ತಿ ಮಾಡಿದ್ದು, ಅವರಿಗೆ ಹೆಸರು ತಂದುಕೊಟ್ಟದ್ದು, ಅದೇ ಗೋಡೆ. ನೀನು ಅದನ್ನು ಶಾಲೆಯ ಚರಿತ್ರೆ ಪುಸ್ತಕದ ಹೊದಿಕೆಯಲ್ಲಿ ನೋಡಿರುತ್ತೀಯ. ಮುದಿ ರಾಜ ಹಾಸಿಗೆ ಹಿಡಿದಿದ್ದಾನೆ. ತನ್ನ ನಂತರ ಯಾರು ಎಂದು ಹೇಳುವ ಮೊದಲೇ ಮಾತು ನಿಂತುಹೋಗಿದೆ. ಒಂದು ಪಕ್ಕದಲ್ಲಿ ಹಿರಿಯ ರಾಣಿಯ ಮಗ, ಇನ್ನೊಂದು ಪಕ್ಕದಲ್ಲಿ ಕಿರಿಯ ರಾಣಿಯ ಮಗ. ನಡುವೆ ಮಂತ್ರಿ ಕಿರೀಟ ಹಿಡಿದುಕೊಂಡು, ಇದನ್ನು ಎಲ್ಲಿಡಲಪ್ಪ ಎನ್ನುವ ಮುಖ ಮಾಡಿಕೊಂಡು ನಿಂತಿದ್ದಾನೆ. ರಾಜನ ಬಲಗೈ ಹೊದಿಕೆಯಿಂದ ಮೇಲೆದ್ದು, ತೋರುಬೆರಳು ಕಿರಿಯವನ ಕಡೆ ಚಾಚಿದೆ.

ಆಮೇಲೆ ಅಣ್ಣತಮ್ಮಂದಿರು ಹೊಡೆದಾಡಿ ರಾಜ್ಯವನ್ನು ನುಚ್ಚುನೂರು ಮಾಡಿದರು. ರಾಜ ಯಾರನ್ನು ಆರಿಸಿದ್ದ ಎಂಬುದನ್ನು ಎರಡೂ ಕಡೆಯವರು ತಮಗೆ ಬೇಕಾದ ಹಾಗೆ ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾರೆ. ಹಾಗಾಗಿ ಪಂಡಿತರೆಲ್ಲ ಈ ಬೆರಳನ್ನೇ ಸಾಕ್ಷಿ ಅಂತ ನಂಬಿಕೊಂಡು ಬಂದಿದ್ದಾರೆ.

ಬುಧವಾರ ಹತ್ತಿಯನ್ನು ದ್ರಾವಣದಲ್ಲಿ ಅದ್ದಿ ಆ ಬೆರಳಿನ ಅಂಚನ್ನು ಒಂದಿಷ್ಟು ಒರೆಸಿ ನೋಡಿದೆ. ಸುಣ್ಣದೊಳಗೆ ಕೂತ ಹಳೆಯ ಬಣ್ಣ ಇದಕ್ಕೆ ಅಲ್ಲಾಡುವುದಿಲ್ಲ, ಆಮೇಲೆ ಹಚ್ಚಿದ್ದು ಮಾತ್ರ ಹತ್ತಿಗೆ ಬರುತ್ತದೆ. ಬಂತು. ಮಣಿಕಟ್ಟಿನಿಂದ ಈಚೆಗೆ ಎಲ್ಲಿ ಒರೆಸಿದರೂ ಬಂತು. ರಾಜನ ಕೈ ಪೂರ್ತಿ ಅಪ್ಪ ಬರೆದದ್ದು.

ನಮ್ಮ ಅಪ್ಪನನ್ನು ಸ್ವಲ್ಪ ಕೇಳುತ್ತೀಯಾ? ಮಾತು ಬಾರದಿದ್ದರೂ ಹೌದು, ಅಲ್ಲ ಎಂದು ತಲೆ ಆಡಿಸುತ್ತಾರಲ್ಲ. ಹಳೆಯ ಗೆರೆ ಏನಾದರೂ ಉಳಿದಿತ್ತೇ, ಅದನ್ನು ನೋಡಿ ಬರೆದರೇ, ಅಥವಾ ತಾವೇ ಊಹಿಸಿ ಬರೆದರೇ. ಅಷ್ಟು ಗೊತ್ತಾದರೆ ಸಾಕು.

ಅಕ್ಕ


ಜನವರಿ ೨೮

ಅಕ್ಕಾ,

ನಿನ್ನ ಕಾಗದ ಬಂತು. ನಡುವೆ ಬಾಯಿ ಹಾಕಲು ಆಗಲಿಲ್ಲ ನಿಜ, ಆದರೆ ಓದುತ್ತ ಓದುತ್ತ ಜೋರಾಗಿ ಉತ್ತರ ಕೊಟ್ಟೆ. ಚೌಕಟ್ಟು ಕಟ್ಟಿಸಲು ಬಂದವರೊಬ್ಬರು ನನಗೇನೋ ಆಗಿದೆ ಎಂದು ಹೆದರಿ ಆಮೇಲೆ ಬರುತ್ತೇನೆ ಎಂದು ಹೋದರು.

ಅಪ್ಪ ಹಾಗೇ ಇದ್ದಾರೆ. ಬಲಗಡೆ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಬೆಳಿಗ್ಗೆ ಎಬ್ಬಿಸಿ, ತೊಳೆದು, ತಿನ್ನಿಸಿ, ಅಂಗಡಿಯ ಕಿಟಕಿಯ ಪಕ್ಕ ಕೂರಿಸುತ್ತೇನೆ. ನಾನು ಕೆಲಸ ಮಾಡುವುದನ್ನು ನೋಡುತ್ತಾರೆ, ನೋಡಿ ಮುಖ ಸಿಂಡರಿಸುತ್ತಾರೆ. ಅದೊಂದು ಮೊದಲಿನಂತೆಯೇ ಇದೆ.

ಭಾನುವಾರ ಅತ್ತೆ ಬಂದಿದ್ದರು. ಬಂದವರೇ ಅಪ್ಪನ ಎದುರು ಕುರ್ಚಿ ಎಳೆದುಕೊಂಡು, "ನೋಡಣ್ಣ, ಅಂಗಡಿ ಯಾರಿಗೆ ಅಂತ ಈಗ್ಲೇ ಹೇಳ್ಬಿಡು. ಮಗಳಿಗೋ, ಮಗನಿಗೋ? ನೀನು ಹೋದ್ಮೇಲೆ ಇವರಿಬ್ರೂ ಕಿತ್ತಾಡೋದು ನನ್ಗೆ ನೋಡಕ್ಕಾಗಲ್ಲ" ಎಂದರು. ಅಪ್ಪ ಎಡಗೈ ಎತ್ತಿದರು. ಅತ್ತೆ, "ನೋಡಿದ್ಯಾ, ಬಾಗಿಲ ಕಡೆ ತೋರಿಸ್ತಿದಾನೆ. ಹೊರಗಿರೋಳಿಗೆ ಅಂತ" ಎಂದರು. ಮನೆಯಲ್ಲಿ ಬಾಡಿಗೆಗಿರುವ ಮೇಷ್ಟ್ರು, "ಇಲ್ಲ ಇಲ್ಲ, ಆ ಬೆರಳು ಇವನ ಕಡೆನೇ ಇದೆ" ಎಂದು ನನ್ನನ್ನು ತೋರಿಸಿದರು. ಹೀಗೆ ಸುಮಾರು ಹೊತ್ತು ವಾದ ನಡೆಯಿತು. ಕೊನೆಗೆ ನೋಡಿದರೆ ಅಪ್ಪನಿಗೆ ಫ್ಯಾನ್ ಬೇಕಾಗಿತ್ತು.

ಬೆರಳಿನ ವಿಷಯ ಅವರನ್ನು ಕೇಳಲಿಲ್ಲ. ಕೇಳುವುದೂ ಇಲ್ಲ. ಅಂಗೈ ಲೆಕ್ಕ ನಿನಗೂ ಗೊತ್ತು, ನಮ್ಮಿಬ್ಬರಿಗೂ ಅವರು ಕಲಿಸಿದ ಮೊದಲ ಪಾಠವೇ ಅದು: ಚಿತ್ರದಲ್ಲಿ ಬಣ್ಣ ಉದುರಿದ ಜಾಗ ಅಂಗೈ ಇಟ್ಟರೆ ಮುಚ್ಚುವಷ್ಟಿದ್ದರೆ ತುಂಬು, ಅಂಗೈ ಮೀರಿದರೆ ಸುಣ್ಣದ ಬಣ್ಣ ಬಳಿದು ಸುಮ್ಮನೆ ಬಿಡು. ಅವರು ಅಂಗೈ ಇಟ್ಟಿರುತ್ತಾರೆ, ಮುಚ್ಚಿರುತ್ತದೆ, ತುಂಬಿದ್ದಾರೆ. ಮುಗಿಯಿತು. ನಮ್ಮ ಅಂಗಡಿಗೆ ಜನ ಬರುವುದೇ "ರಾಜನಿಗೆ ಕೈ ಕೊಟ್ಟವರ ಅಂಗಡಿ" ಎಂದು. ಧೂಳು ಒರೆಸು, ಬೆರಳನ್ನು ಅದರ ಪಾಡಿಗೆ ಬಿಡು.

ನಿನ್ನ ತಮ್ಮ


ಫೆಬ್ರವರಿ ೪

ಅಳಿಲೇ,

ಅತ್ತೆಯ ದರ್ಬಾರು ಓದಿ ನಕ್ಕೆ. ಬಹಳ ದಿನಗಳ ಮೇಲೆ ನಕ್ಕದ್ದು.

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡೇ ಅಟ್ಟಣಿಗೆ ಹತ್ತಿ ರಾಜನ ಕೈಯ ಮೇಲೆ ನನ್ನ ಅಂಗೈ ಇಟ್ಟೆ. ಮುಚ್ಚಲಿಲ್ಲ. ನಾಲ್ಕೂ ಕಡೆ ಕಾಣುತ್ತದೆ. ನಮ್ಮ ಅಪ್ಪನ ಅಂಗೈ ತಟ್ಟೆಯಷ್ಟು ಅಗಲ, ನನ್ನದು ಅಮ್ಮನ ಹಾಗೆ ಚಿಕ್ಕದು. ಇಷ್ಟು ವರ್ಷ ಈ ಲೆಕ್ಕ ಹಿಡಿದುಕೊಂಡು ಕೆಲಸ ಮಾಡಿದ್ದೇವಲ್ಲ, ಯಾರ ಅಂಗೈ ಎಂದು ನಾವು ಒಂದು ದಿನವೂ ಕೇಳಲಿಲ್ಲ. ಅವರು ತುಂಬುವ ಜಾಗವನ್ನು ನಾನು ಬಿಡುತ್ತೇನೆ, ನಾನು ಬಿಟ್ಟದ್ದನ್ನು ನೀನು ತುಂಬುತ್ತೀಯ, ಮೂವರೂ ಒಂದೇ ನಿಯಮ ಪಾಲಿಸಿದೆವು ಎಂದುಕೊಂಡು ಆರಾಮಾಗಿ ನಿದ್ದೆ ಮಾಡುತ್ತೇವೆ.

ನಿನಗೆ ಇಲ್ಲಿಯ ಪರಿಸ್ಥಿತಿ ಹೇಳುತ್ತೇನೆ. ಮುಖ್ಯಸ್ಥೆಗೆ ವರದಿ ಕೊಡಲೇಬೇಕಾಯಿತು. ಆಕೆ ಒಳ್ಳೆಯವಳು, ಆದರೆ ಮುಖದ ಮೇಲೆ ಹೇಳುವವಳು. "ಗೋಡೆ ಮೇಲೆ ಇಲ್ಲದ್ದನ್ನ ಇದೆ ಅಂತ ಜನಕ್ಕೆ ತೋರಿಸ್ತಾ ಇದ್ದೀವಿ. ನಿಮ್ಮ ತಂದೆಯೋರು ಅನ್ನೋದಕ್ಕೆ ಇದನ್ನ ಹಾಗೇ ಬಿಡಕ್ಕಾಗುತ್ತಾ?" ಎಂದು ಕೇಳಿದಳು. ಆಗುವುದಿಲ್ಲ ಎಂದೆ. ಬೇರೆ ಏನು ಹೇಳಬೇಕಿತ್ತು? ಸುದ್ದಿ ಕೇಳಿ ಹಿರಿಯವನ ಪಕ್ಷದ ಪಂಡಿತರೊಬ್ಬರು ಸಿಹಿ ಪೊಟ್ಟಣ ಹಿಡಿದುಕೊಂಡು ಬಂದರು. ಕಿರಿಯವನ ಪಕ್ಷದವರು ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಾರೆ. ಸತ್ತು ಎಷ್ಟೋ ಶತಮಾನವಾದವರ ಆಸ್ತಿಗಾಗಿ ಇವರಿಗೆ ಇಷ್ಟು ಹುರುಪು ಎಲ್ಲಿಂದ ಬರುತ್ತದೋ. ನನಗಂತೂ ಮೆಟ್ಟಿಲು ಹತ್ತುವಷ್ಟೂ ಇಲ್ಲ.

ನೀನು ಅಂಗಡಿಯ ಹೆಸರಿನ ಬಗ್ಗೆ ಬರೆದದ್ದು ನನಗೆ ಹಿಡಿಸಲಿಲ್ಲ. ಅಂಗಡಿ ನಿನಗೇ ಇರಲಿ, ನನಗೆ ಬೇಡ, ಅತ್ತೆಗೆ ಬೇಕಾದರೆ ಬರೆದು ಕೊಡುತ್ತೇನೆ. ಆದರೆ ಗಿರಾಕಿಗಳಿಗಾಗಿ ಗೋಡೆಯ ಮೇಲೆ ಸುಳ್ಳು ಉಳಿಸು ಎಂದು ನನ್ನನ್ನು ಕೇಳಬೇಡ. ಅಪ್ಪನ ಮರ್ಯಾದೆಯ ಮಾತಾಡುತ್ತ ನೀನು ನಿನ್ನ ವ್ಯಾಪಾರ ನೋಡಿಕೊಳ್ಳುತ್ತಿದ್ದೀಯ ಅನ್ನಿಸಿತು. ತಪ್ಪಿದ್ದರೆ ಹೇಳು.

ಅಕ್ಕ


ಫೆಬ್ರವರಿ ೧೨

ಅಕ್ಕಾ,

ಅಪ್ಪನಿಗೆ ಸ್ವಲ್ಪ ಜ್ವರ ಬಂದು ಬಿಟ್ಟಿತು. ಈಗ ಪರವಾಗಿಲ್ಲ.

ವ್ಯಾಪಾರದ ಮಾತು ಓದಿದೆ. ನಿನಗೆ ಹಾಗನ್ನಿಸಿದ್ದರೆ ಹಾಗೇ ಇರಲಿ. ಇಲ್ಲಿ ಕೂತು ದಿನಾ ಅವರ ಬಟ್ಟೆ ಬದಲಿಸುವವನಿಗೆ ಮರ್ಯಾದೆಯ ಪಾಠ ಅಷ್ಟು ದೂರದಿಂದ ಬಂದರೆ ಕೇಳಲು ಚೆನ್ನಾಗಿರುತ್ತದೆ.

ನಿನಗೆ ಸರಿ ಕಂಡದ್ದು ಮಾಡು.


ಫೆಬ್ರವರಿ ೨೭

ಅಳಿಲೇ,

ಹದಿನೈದು ದಿನ ಕಾದೆ, ನೀನು ಇನ್ನೊಂದು ಕಾಗದ ಬರೆಯುತ್ತೀಯ ಎಂದು. ಬರೆಯಲಿಲ್ಲ. ಫೋನ್ ಮಾಡಿದರೆ ಅತ್ತೆ ಎತ್ತಿ, "ಅವನು ಹಿತ್ತಲಲ್ಲಿ ಮರ ಕೊಯ್ತಿದಾನೆ, ಗರಗಸದ ಸದ್ದಲ್ಲಿ ಕೇಳಲ್ಲ" ಎನ್ನುತ್ತಾರೆ. ನೀನು ಬೇಕೆಂದೇ ಗರಗಸ ಹಾಕುತ್ತೀಯ, ನನಗೆ ಗೊತ್ತು.

ನಾನು ಬರೆದದ್ದು ಒರಟಾಯಿತು. ಅಪ್ಪನನ್ನು ನೋಡಿಕೊಳ್ಳುತ್ತಿರುವವನು ನೀನು. ನನ್ನ ಹತ್ತಿರ ಇರುವುದು ರಜೆಯ ಅರ್ಜಿಗಳು ಮಾತ್ರ. ಒಪ್ಪುತ್ತೇನೆ.

ಆದರೂ ನನ್ನ ಕಡೆಯದನ್ನು ಒಂದು ಸಲ ಕೇಳು. ಅಮ್ಮ ಹೋದ ವರ್ಷ ಅಪ್ಪ ನನ್ನನ್ನು ವಸತಿ ಶಾಲೆಗೆ ಹಾಕಿ ನಿನ್ನನ್ನು ಜೊತೆಯಲ್ಲಿ ಇಟ್ಟುಕೊಂಡರು. ಕೆಲಸ ಇದ್ದಲ್ಲಿಗೆಲ್ಲ ನಿನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಈ ವಿದ್ಯೆ ಕಲಿಯಬೇಕೆಂದು ಹಟ ಹಿಡಿದವಳು ನಾನು, ಆದರೆ ಒಂದೇ ಒಂದು ಗೋಡೆಯ ಹತ್ತಿರವೂ ಅವರು ನನ್ನನ್ನು ಕರೆಯಲಿಲ್ಲ. ಅಪ್ಪನಿಗೆ ಯಾರು ಬೇಕು ಎಂಬ ಪ್ರಶ್ನೆ ನನ್ನ ಮಟ್ಟಿಗೆ ಆವತ್ತೇ ತೀರ್ಮಾನವಾಗಿತ್ತು. ಅವರು ಕೆಲಸ ಮಾಡಿದ ಗೋಡೆಯ ಮುಂದೆ ಈಗ ಮೊದಲ ಸಲ ಒಬ್ಬಳೇ ನಿಂತಿದ್ದೇನೆ, ಅವರ ತಪ್ಪು ಕಂಡಿದೆ, ಸಂತೋಷವೇನೂ ಆಗುತ್ತಿಲ್ಲ. ಸುಸ್ತಾಗುತ್ತಿದೆ ಅಷ್ಟೆ.

ಸೋಮವಾರ, ಒಂಬತ್ತನೇ ತಾರೀಕು, ಬೆರಳನ್ನು ತೆಗೆಯಲು ಶುರು ಮಾಡುತ್ತೇನೆ. ಹೇಳದೆ ಮಾಡಬಾರದು ಎಂದು ಬರೆದಿದ್ದೇನೆ. ನಿನಗೆ ಬೇರೆ ಏನಾದರೂ ಕಾರಣ ಇದ್ದರೆ ಅಷ್ಟರೊಳಗೆ ಹೇಳು.

ಅಕ್ಕ


ಮಾರ್ಚ್ ೭

ಅಕ್ಕಾ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಫೋನ್ ಎತ್ತಿಕೊಂಡೆ, ಇಟ್ಟೆ. ಇದನ್ನು ಬಾಯಲ್ಲಿ ಹೇಳಲು ನನ್ನಿಂದ ಆಗದು.

ಅದು ನನ್ನ ಕೈ.

ಆ ಗೋಡೆಯನ್ನು ನಾನು ಪುಸ್ತಕದ ಹೊದಿಕೆಯಲ್ಲಿ ನೋಡಿದವನಲ್ಲ. ನೀನು ವಸತಿ ಶಾಲೆಯಲ್ಲಿದ್ದಾಗ ಅಪ್ಪ ಅಲ್ಲಿಗೆ ಕೆಲಸಕ್ಕೆ ಹೋದರು. ಬಿಟ್ಟು ಹೋಗಲು ಯಾರೂ ಇರಲಿಲ್ಲವಾದ್ದರಿಂದ ನನ್ನನ್ನೂ ಕರೆದುಕೊಂಡು ಹೋದರು. ಅದನ್ನು ಆರಿಸಿಕೊಂಡದ್ದು ಎಂದು ನೀನು ತಿಳಿದಿದ್ದೀಯ. ಅಕ್ಕಾ, ಅವರು ನನ್ನನ್ನು ಅಟ್ಟಣಿಗೆಯ ಕೆಳಗೆ ಬಣ್ಣದ ಡಬ್ಬಿಗಳ ಜೊತೆ ಕೂರಿಸುತ್ತಿದ್ದರು, ಸಂಜೆ ಡಬ್ಬಿಗಳ ಜೊತೆ ಎತ್ತಿಕೊಂಡು ಹೋಗುತ್ತಿದ್ದರು. ಮಾತೇ ಇರಲಿಲ್ಲ. ಅಮ್ಮ ಹೋದ ಮೇಲೆ ಅವರು ನನ್ನ ಮುಖ ಸರಿಯಾಗಿ ನೋಡಿದ್ದು ನೆನಪಿಲ್ಲ, ನನ್ನದು ಅಮ್ಮನ ಮುಖ ಅಲ್ಲವೆ.

ಒಂದು ದಿನ ಮೇಲಿನಿಂದ, "ಏಯ್, ಬಾ ಇಲ್ಲಿ" ಎಂದರು. ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, "ಕೈ ಚಾಚು. ಹಾಗಲ್ಲ, ಸ್ವಲ್ಪ ಸೋತ ಹಾಗೆ. ಹಾಂ, ಅಲ್ಲಾಡಬೇಡ" ಎಂದರು. ಆಮೇಲೆ ನೋಡುತ್ತ ಕೂತರು. ನನ್ನ ಕೈ ನೋಡುವುದು, ಬರೆಯುವುದು, ಮತ್ತೆ ನೋಡುವುದು. ನನಗೆ ಭುಜ ಸೆಳೆತ ಬಂದು ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಇಳಿಸಲಿಲ್ಲ. ಇಳಿಸಿದರೆ ನೋಡುವುದನ್ನು ನಿಲ್ಲಿಸಿಬಿಡುತ್ತಾರೆ ಎಂದು ಭಯ.

ನಮ್ಮ ಅಪ್ಪ ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೊಂದೇ ಸಲ. ಅಂಗಡಿಗೆ ಬಂದವರ ಹತ್ತಿರವೆಲ್ಲ ಅವರು ಹೇಳಿಕೊಳ್ಳುತ್ತಿದ್ದದ್ದು ನಿನ್ನ ಬಗ್ಗೆ. "ನಮ್ಮ ಮಗಳು ಮ್ಯೂಸಿಯಮ್ಮಲ್ಲಿದಾಳೆ." ನಾನು ಪಕ್ಕದಲ್ಲೇ ಮೊಳೆ ಹೊಡೆಯುತ್ತಿರುತ್ತಿದ್ದೆ. ಆ ಹೊತ್ತಿನಲ್ಲೆಲ್ಲ ಆ ಗೋಡೆಯನ್ನು ನೆನೆಸಿಕೊಳ್ಳುತ್ತಿದ್ದೆ. ನನ್ನ ಕೈ ಅಲ್ಲಿದೆ, ಅದೂ ಕಿರಿಯವನ ಕಡೆ ತೋರಿಸುತ್ತಿದೆ ಎಂದು.

ವ್ಯಾಪಾರ ಅಲ್ಲ ಅಕ್ಕಾ. ಇದನ್ನು ಮೊದಲೇ ಹೇಳಬಹುದಿತ್ತು. ನಲವತ್ತು ದಾಟಿದವನು ಹೀಗೆಲ್ಲ ಬರೆಯಲು ನಾಚಿಕೆಯಾಯಿತು.

ಆಗುವ ಹಾಗಿದ್ದರೆ ಬಿಡು. ಅಪ್ಪ ಇರುವಷ್ಟು ದಿನವಾದರೂ.

ಅಳಿಲು


ಮಾರ್ಚ್ ೧೩

ತಮ್ಮಾ,

ನಿನ್ನ ಕಾಗದ ನಿನ್ನೆ, ಗುರುವಾರ, ಕೈಗೆ ಬಂತು. ಬೆರಳು ಸೋಮವಾರ ಹೋಯಿತು.

ಏನಾಯಿತೆಂದು ಸುತ್ತಿಬಳಸದೆ ಬರೆಯುತ್ತೇನೆ, ಇಲ್ಲದಿದ್ದರೆ ಬರೆಯಲು ಆಗುವುದಿಲ್ಲ. ಸೋಮವಾರ ಸಂಜೆಯ ಹೊತ್ತಿಗೆ ಬಣ್ಣವೆಲ್ಲ ಹತ್ತಿಗೆ ಬಂದಿತ್ತು. ಕೆಳಗೆ ಅಪ್ಪ ಹಚ್ಚಿದ ಹೊಸ ಸುಣ್ಣ, ಅದರ ಮೇಲೆ ಪೆನ್ಸಿಲ್ ಗೆರೆ. ಹಳೆಯ ಚಿತ್ರದ್ದು ಏನೂ ಇರಲಿಲ್ಲ. ದೀಪವನ್ನು ಓರೆಯಾಗಿ ಹಿಡಿದರೆ ಗೆರೆ ಚೆನ್ನಾಗಿ ಕಾಣುತ್ತಿತ್ತು. ಒಂದರ ಮೇಲೊಂದು ಮೂರ್ನಾಲ್ಕು ಸಲ ಬರೆದಿದ್ದರು. ಮುದುಕನ ಕೈ ಅಲ್ಲ ಅದು. ಬೆರಳುಗಳು ಗಿಡ್ಡ, ಗುಂಡಗಿದ್ದವು, ಹೆಬ್ಬೆರಳಿನ ಉಗುರಿನ ಪಕ್ಕ ಒಂದು ಗಾಯದ ಪಟ್ಟಿಯನ್ನೂ ಬಿಡದೆ ಬರೆದಿದ್ದರು. ಅದರ ಮೇಲೆ ಬಣ್ಣದಲ್ಲಿ ನರ, ಸುಕ್ಕು ಎಲ್ಲ ಹಚ್ಚಿ ರಾಜನದನ್ನಾಗಿ ಮಾಡಿದ್ದಾರೆ.

ಮಗುವಿನ ಕೈ ಎಂದು ನನಗೆ ಕಂಡಿತು. ಯಾರ ಮಗು ಎಂದು ಕೇಳಿಕೊಳ್ಳಲಿಲ್ಲ. ಎದುರಿಗೆ ಸಿಕ್ಕಿದ ಮಗುವನ್ನು ಯಾವುದನ್ನೋ ನಿಲ್ಲಿಸಿಕೊಂಡಿರಬೇಕು ಎಂದುಕೊಂಡೆ. ನಿಯಮದ ಪ್ರಕಾರ ಫೋಟೋ ತೆಗೆದೆ. ಬುಧವಾರ ಗೆರೆಗಳನ್ನೂ ರಬ್ಬರಿನ ಪುಡಿಯಿಂದ ಉಜ್ಜಿ ತೆಗೆದೆ. ತೆಗೆಯಬೇಕಾದದ್ದೇ. ಆದರೂ ಎಷ್ಟು ಚೊಕ್ಕವಾಗಿ ತೆಗೆದೆ ಎಂದರೆ, ಮುಖ್ಯಸ್ಥೆ ಬಂದು ಬೆನ್ನು ತಟ್ಟಿದಳು. ಆಗ ಹಿಗ್ಗಿದೆ ಕೂಡ. ನಿನ್ನೆ ನಿನ್ನ ಕಾಗದ ಓದಿದ ಮೇಲೆ ಅಟ್ಟಣಿಗೆ ಹತ್ತಲು ಆಗಲಿಲ್ಲ, ಕೆಳಗೆ ನಿಂತು ಅತ್ತುಬಿಟ್ಟೆ. ಕಾವಲುಗಾರ ಧೂಳು ಬಿತ್ತೇನೋ ಎಂದು ನೀರು ತಂದುಕೊಟ್ಟ.

ಅಂಗೈ ನಿಯಮ ಅಪ್ಪ ಮುರಿಯಲಿಲ್ಲ, ಸರಿ. ಆದರೆ ಅಲ್ಲಿ ಏನು ತುಂಬಬೇಕೆಂದು ಯಾವ ನಿಯಮವೂ ಅವರಿಗೆ ಹೇಳಿರಲಿಲ್ಲ. ಖಾಲಿ ಜಾಗದ ಎದುರಿಗೆ ಹೆಂಡತಿ ಹೋದ ಮನುಷ್ಯ ಕೂತಿದ್ದರು, ಕೆಳಗೆ ನೀನಿದ್ದೆ. ಇಷ್ಟೇ ನನಗೆ ಅರ್ಥವಾಗುತ್ತಿದೆ, ಅದೂ ತಡವಾಗಿ.

ಈಗ ರಾಜನ ಕೈ ಮಣಿಕಟ್ಟಿಗೆ ನಿಂತಿದೆ, ಮುಂದೆ ಬೋಳು ಸುಣ್ಣ. ಒಂದು ವಿಷಯ ಹೇಳಬೇಕು. ಬೆರಳಿದ್ದಾಗ ಕಿರಿಯವನು ಗೆದ್ದವನಂತೆ, ಹಿರಿಯವನು ಹೊಟ್ಟೆ ಉರಿಯುತ್ತ ನಿಂತವನಂತೆ ಕಾಣುತ್ತಿದ್ದರು. ಎಲ್ಲ ಪುಸ್ತಕದಲ್ಲೂ ಹಾಗೇ ಬರೆದಿದ್ದಾರೆ. ಅವರ ಮುಖವನ್ನು ನಾನು ಮುಟ್ಟಿಲ್ಲ, ಅದೇ ಬಣ್ಣ, ಅದೇ ಗೆರೆ. ಈಗ ನೋಡಿದರೆ ಇಬ್ಬರೂ ಅಪ್ಪನ ಮುಖವನ್ನೇ ನೋಡುತ್ತಿದ್ದಾರೆ, ಇಬ್ಬರಿಗೂ ನಿದ್ದೆಗೆಟ್ಟಿದೆ. ಕಿರೀಟದ ಕಡೆ ಯಾರ ಗಮನವೂ ಇಲ್ಲ.

ಪೆನ್ಸಿಲ್ ಕೈಯ ಫೋಟೋ ಇದರ ಜೊತೆ ಇಟ್ಟಿದ್ದೇನೆ. ನನ್ನ ಹತ್ತಿರ ಉಳಿದಿರುವುದು ಇದೇ. ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ, ಆ ಮಾತು ಇದಕ್ಕೆ ಸಾಲುವುದಿಲ್ಲ. ಅಪ್ಪನಿಗೆ ತೋರಿಸು. ಅವರಿಗೆ ಗುರುತು ಸಿಗುತ್ತದೆ.

ಅಕ್ಕ


ಏಪ್ರಿಲ್ ೧೨

ಅಕ್ಕಾ,

ತಡವಾಯಿತು. ಮೊದಲು ಸಿಟ್ಟಿತ್ತು, ಆಮೇಲೆ ಕೆಲಸವಿತ್ತು, ಆಮೇಲೆ ಎರಡೂ ಇಲ್ಲದಿದ್ದರೂ ಬರೆಯಲಿಲ್ಲ. ಆ ಫೋಟೋ ಬಂದ ಮೇಲೆ ನೀನು ಕಳಿಸಿದ ನಾಲ್ಕು ಕಾಗದಗಳನ್ನೂ ಒಡೆದು ಓದಿದ್ದೇನೆ. ಗರಗಸ ಹಾಕಿದ್ದು ಬೇಕೆಂದೇ.

ಫೋಟೋ ನೋಡಿದೆ. ಗಾಯದ ಪಟ್ಟಿ ನನಗೇ ಮರೆತುಹೋಗಿತ್ತು. ಅಪ್ಪ ಅದನ್ನು ಗಮನಿಸಿದ್ದರು ಎಂದು ಈಗ ಗೊತ್ತಾಯಿತು, ನೀನು ಬಣ್ಣ ತೆಗೆಯದಿದ್ದರೆ ಗೊತ್ತಾಗುತ್ತಿರಲಿಲ್ಲ. ಹಾಗೆಂದು ನೀನು ಮಾಡಿದ್ದು ಒಳ್ಳೆಯದಾಯಿತು ಎಂದು ಹೇಳಲಾರೆ. ಹೇಳಿದರೆ ನೀನೂ ನಂಬುವುದಿಲ್ಲ.

ಬಹಳ ದಿನ ಫೋಟೋವನ್ನು ಅಪ್ಪನಿಗೆ ತೋರಿಸಲಿಲ್ಲ. ಗುರುತು ಹಿಡಿಯದಿದ್ದರೆ ಏನು ಮಾಡುವುದು ಎಂದು. ಹೋದ ಭಾನುವಾರ ಧೈರ್ಯ ಮಾಡಿ ಕಿಟಕಿಯ ಬೆಳಕಿನಲ್ಲಿ ಹಿಡಿದೆ. ಎಡಗೈಯಲ್ಲಿ ತೆಗೆದುಕೊಂಡು ನೋಡಿದರು, ತಿರುಗಿಸಿ ಹಿಂದುಗಡೆ ನೋಡಿದರು. "ಇದು ಯಾರ ಕೈ ಹೇಳಿ ನೋಡೋಣ" ಎಂದು ನನ್ನ ಕೈಯನ್ನು ಪಕ್ಕದಲ್ಲಿ ಚಾಚಿದೆ. ಈಗ ನನ್ನದೂ ತಟ್ಟೆಯಷ್ಟಾಗಿದೆ. ಫೋಟೋ ನೋಡಿದರು, ನನ್ನ ಕೈ ನೋಡಿದರು. ಅಲ್ಲ ಎಂದು ತಲೆ ಆಡಿಸಿದರು. ಫೋಟೋವನ್ನು ಮಡಿಲಿಂದ ಆಚೆ ತಳ್ಳಿದರು. ಇನ್ನೊಂದು ಸಲ ಕೇಳಿದೆ. ಅಲ್ಲ ಎಂದೇ ಹೇಳಿದರು.

ಮೂವತ್ತೈದು ವರ್ಷ ನಾನು ಆ ಒಂದು ನೋಟವನ್ನು ಇಟ್ಟುಕೊಂಡಿದ್ದೆ, ಅದು ಇದ್ದದ್ದು ನನ್ನೊಬ್ಬನ ಹತ್ತಿರ ಮಾತ್ರ. ಎದ್ದು ಹಿತ್ತಿಲಿಗೆ ಹೋಗಿ ಸುಮ್ಮನೆ ಮರದ ತುಂಡುಗಳನ್ನು ಜೋಡಿಸಿದೆ. ಊಟದ ಹೊತ್ತಾದರೂ ಒಳಗೆ ಹೋಗಲಿಲ್ಲ. ಅವತ್ತೂ ಅತ್ತೆ ಬಂದಿದ್ದರು, ಇವತ್ತು ಅವರೇ ತಿನ್ನಿಸಲಿ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅತ್ತೆಯ ಕೂಗು. "ಬಾರೋ ಇಲ್ಲಿ. ಬಾಯೇ ಬಿಡ್ತಿಲ್ಲ ಇವನು. ಬೇಡಿಕೊಂಡೆ, ಬೈದೆ, ಮೂಗು ಹಿಡ್ಕೊಳ್ಳೋದೊಂದು ಬಾಕಿ." ಒಳಗೆ ಹೋದೆ. ಅಪ್ಪ ತುಟಿ ಬಿಗಿದುಕೊಂಡು ಗೋಡೆ ನೋಡುತ್ತಿದ್ದರು. ಗಲ್ಲದ ಮೇಲೆಲ್ಲ ಅನ್ನ. ಅತ್ತೆ ತಟ್ಟೆಯನ್ನು ನನ್ನ ಕೈಗೆ ತುರುಕಿದರು. ನಾನು ಏನೂ ಹೇಳಲಿಲ್ಲ, ಇನ್ನೂ ಅಪ್ಪನ ಮೇಲೆ ಕೋಪವಿತ್ತು, ಪಕ್ಕದಿಂದ ತುತ್ತು ಮುಂದಕ್ಕೆ ಹಿಡಿದೆ ಅಷ್ಟೆ. ಅವರಿನ್ನೂ ಗೋಡೆಯನ್ನೇ ನೋಡುತ್ತಿದ್ದರು, ನನ್ನ ಮುಖವನ್ನೂ ನೋಡಲಿಲ್ಲ. ಬಾಯಿ ತೆರೆದರು.

ಅತ್ತೆ, "ಹಾಗಾದ್ರೆ ಅಂಗಡಿ ಇವನಿಗೇ" ಎಂದರು. ನನಗೆ ನಗು ಬಂತು, ಅಳುವೂ ಬಂತು, ತಟ್ಟೆ ಖಾಲಿಯಾಗುವವರೆಗೆ ಎರಡನ್ನೂ ತಡೆದುಕೊಂಡೆ.

ಅಂಗಡಿಯ ಮಾತು ಈಗ ಬೇಡ. ನಿನಗೆ ರಜೆ ಸಿಕ್ಕಿದಾಗ ಬಾ, ಸಿಗದಿದ್ದರೆ ಹೇಳದೇ ಬಾ. ಬಂದವಳು ಅವರ ಪಕ್ಕ ಕೂತು ದಿನಾ ಒಂದೊಂದು ತುತ್ತು ಹಿಡಿದು ನೋಡು. ಮೊದಲು ಬಾಯಿ ಬಿಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ, ಕೈ ಇಳಿಸಬೇಡ. ಅಭ್ಯಾಸವಾದರೆ ನಿನ್ನದನ್ನೂ ತೆಗೆದುಕೊಳ್ಳುತ್ತಾರೆ. ನನಗೂ ಒಬ್ಬರು ಬೇಕು ಅಕ್ಕಾ. ಬಹಳ ಸುಸ್ತಾಗಿದೆ.

ಅಳಿಲು